ಅಪ್ಪನ ತೋಟದಲ್ಲಿ ಹೆಣ್ಣುಮಕ್ಕಳ ಪಾಲು: ಸಹಿ ಹಾಕಬೇಕೇ, ಬೇಡವೇ?

ಸಾಗರದ ಮಗಳು:
ಸಾಗರ ತಾಲ್ಲೂಕಿನ ಹಳ್ಳಿಯೊಂದು ನನ್ನ ತವರು. ಮದುವೆಯಾದ ಮೇಲೆ ಶಿವಮೊಗ್ಗದಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಮೂರು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನಬೆಟ್ಟ, ಸ್ವಲ್ಪ ಗದ್ದೆ, ಹಳೆಯ ಹೆಂಚಿನ ಮನೆ ಇವೆ. ತೋಟ ಅಜ್ಜನ ಕಾಲದ್ದು. ಗದ್ದೆ ಗೇಣಿಗೆ ಮಾಡುತ್ತಿದ್ದದ್ದು, ಭೂಸುಧಾರಣೆಯ ನಂತರ ಅಪ್ಪನ ಹೆಸರಿಗೆ ಬಂತು. ಅಪ್ಪ ಮರಣ ಶಾಸನ ಬರೆದಿಲ್ಲ. ಅಮ್ಮ ಅಣ್ಣನ ಜೊತೆಗಿದ್ದಾರೆ. ನಾವು ಹೆಣ್ಣುಮಕ್ಕಳು ಇಬ್ಬರು.

ವರ್ಷಾಂತಿಕ ಇನ್ನೂ ಆಗಿಲ್ಲ. ಆಗಲೇ ಅಣ್ಣ ಹೇಳಿ ಕಳುಹಿಸಿದ್ದಾನೆ: "ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಕೊಂಡ ಅಪ್ಪನ ಹೆಸರಿನಿಂದ ಖಾತೆ ವಾರಸುದಾರರಿಗೆ ಬದಲಾಗಬೇಕು, ಇಬ್ಬರೂ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗಿ." ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಕ್ಕನಿಗೆ ಹೇಗೂ ಪಾಲೇ ಇಲ್ಲವಂತೆ, ಅವಳ ಮದುವೆ 1991ರಲ್ಲಿ ಆಗಿದೆ ಎಂಬುದು ಅವನ ವಾದ. ನಾನು ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ದೊಡ್ಡಪ್ಪನ ಮಗ ಫೋನಿನಲ್ಲಿ ಹೇಳಿದ. ಅಮ್ಮ ಅಳುತ್ತಾರೆ.

ಮದುವೆಯಾಗುವವರೆಗೂ ಪ್ರತಿ ಸುಗ್ಗಿಯಲ್ಲಿ ನಾವಿಬ್ಬರೂ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿದಿದ್ದೇವೆ. ಆ ತೋಟ ಅಣ್ಣನೊಬ್ಬನದು ಎಂದು ಒಪ್ಪಿಕೊಳ್ಳಲು ಮನಸ್ಸು ಬರುತ್ತಿಲ್ಲ. ತಿಳಿದವರು ಹೇಳಿ, ಕಾನೂನು ಏನು ಹೇಳುತ್ತದೆ? ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಹೊಸನಗರ ಗೃಹಿಣಿ:
ಸಹಿ ಹಾಕಬೇಡಿ. ಉಳಿದದ್ದು ಆಮೇಲೆ.

ತೀರ್ಥಹಳ್ಳಿ ಬೆಳೆಗಾರ:
ಇಷ್ಟು ಬೇಗ ತೀರ್ಪು ಕೊಡಬೇಡಿ, ಆ ಅಣ್ಣನ ಕಡೆಯ ಮಾತನ್ನು ಯಾರಾದರೂ ಕೇಳಬೇಕಲ್ಲ. ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಯಾರು ನೋಡಿದರು? ಅಕ್ಕ ತಂಗಿಯರ ಮದುವೆಗೆ ಸಾಲ ಮಾಡಿದವರು ಯಾರು? ಸಹಕಾರ ಸಂಘದ ಸಾಲ ಯಾರ ಹೆಗಲ ಮೇಲಿದೆ? ಕೊಳೆ ರೋಗ ಒಂದು ಕಡೆ, ಎಲೆಚುಕ್ಕೆ ರೋಗ ಇನ್ನೊಂದು ಕಡೆ. ಮಳೆಯಲ್ಲಿ ನಿಂತು ಔಷಧಿ ಹೊಡೆಸಿದವನಿಗೇ ಅದರ ಕಷ್ಟ ಗೊತ್ತು. ಮೂರು ಎಕರೆಯನ್ನು ಮೂರು ತುಂಡು ಮಾಡಿದರೆ ಯಾರೂ ಬದುಕುವುದಿಲ್ಲ. ಪಾಲು ತೆಗೆದುಕೊಂಡವರು ಹೊರಗಿನವರಿಗೆ ಮಾರುತ್ತಾರೆ, ನಾಳೆ ತೋಟದ ನಡುವೆ ಹೋಂಸ್ಟೇ ಏಳುತ್ತದೆ. ನಮ್ಮ ಊರಿನಲ್ಲಿ ಇದು ಆಗಿದೆ.

ಶಿವಮೊಗ್ಗ ವಕೀಲೆ:
ಮೊದಲು ಕಾನೂನು ಹೇಳುತ್ತೇನೆ, ಜಗಳ ಆಮೇಲೆ ಆಡೋಣ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದಲೇ ಹಕ್ಕುದಾರರಾಗುತ್ತಿದ್ದವರು ಗಂಡುಮಕ್ಕಳು ಮಾತ್ರ. ಕರ್ನಾಟಕ ತನ್ನದೇ ತಿದ್ದುಪಡಿ ತಂದಿತು, 1994ರ ಜುಲೈ 30ರಿಂದ ಅದು ಜಾರಿಗೆ ಬಂತು. ಮಗಳಿಗೂ ಮಗನಷ್ಟೇ ಹಕ್ಕು, ಆದರೆ ಅದಕ್ಕಿಂತ ಮೊದಲು ಮದುವೆಯಾದವಳಿಗೆ ಇಲ್ಲ ಎಂದಿತು. ನಿಮ್ಮ ಅಣ್ಣ ಹಿಡಿದುಕೊಂಡಿರುವುದು ಈ ಮಾತನ್ನು. ಆದರೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಯಲ್ಲಿದೆ. ಅದರಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದವೇ ಇಲ್ಲ. ನಿಮ್ಮ ಅಕ್ಕನಿಗೂ ನಿಮಗೂ ಅಣ್ಣನಿಗೂ ತೋಟದಲ್ಲಿ ಸಮಾನ ಹಕ್ಕು ಇದೆ.

ಒಂದೇ ಅಡ್ಡಿ ಇರಬಹುದು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಿಭಾಗ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಸ್ತಿ ಪಾಲಾಗಿದ್ದರೆ ಅದನ್ನು ಮುಟ್ಟುವಂತಿಲ್ಲ. ನಿಮ್ಮಲ್ಲಿ ಅಂಥದ್ದು ಆಗಿದೆಯೇ?

ಸಾಗರದ ಮಗಳು:
ಇಲ್ಲ. ಚಿಕ್ಕಪ್ಪಂದಿರ ಜೊತೆ ಪಾಲಾಗಿದೆ, ನಮ್ಮ ಮನೆಯೊಳಗೆ ಏನೂ ಆಗಿಲ್ಲ.

ಸೊರಬದ ಓದುಗ:
ವಕೀಲ ಮೇಡಂ, ಇಲ್ಲೊಂದು ತಿದ್ದುಪಡಿ. 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಇವರ ಪ್ರಕರಣದಲ್ಲಿ ಅಡ್ಡಿಯಿಲ್ಲ, ಆದರೆ ಇದನ್ನು ಓದುವ ಬೇರೆಯವರು ದಾರಿ ತಪ್ಪಬಾರದು.

ಶಿವಮೊಗ್ಗ ವಕೀಲೆ:
ನೀವು ಹೇಳುತ್ತಿರುವುದು 2015ರ ಫೂಲವತಿ ಪ್ರಕರಣದ ತೀರ್ಪು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬೇರೆ ದಿಕ್ಕಿನಲ್ಲಿ ಹೇಳಿತು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣಗಳು. ಗೊಂದಲ ಬಗೆಹರಿದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದ ಮೂವರು ನ್ಯಾಯಮೂರ್ತಿಗಳ ಪೀಠದಲ್ಲಿ. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ಪೀಠ ಹೇಳಿತು. "ಬಾಯಿಮಾತಿನಲ್ಲಿ ಯಾವಾಗಲೋ ಪಾಲಾಗಿದೆ" ಎಂಬ ವಾದವನ್ನು ಸುಲಭಕ್ಕೆ ಒಪ್ಪಬಾರದು ಎಂದೂ ಅದೇ ತೀರ್ಪಿನಲ್ಲಿದೆ. ಹಳೆಯ ತೀರ್ಪನ್ನು ಹಿಡಿದುಕೊಂಡು ಊರೂರಲ್ಲಿ ಹೆಣ್ಣುಮಕ್ಕಳನ್ನು ಹೆದರಿಸುವವರು ಇನ್ನೂ ಇದ್ದಾರೆ.

ನಿವೃತ್ತ ಕಂದಾಯ ನೌಕರ:
ಪೌತಿ ಖಾತೆಗೆ ಬಿಡುಗಡೆ ಪತ್ರ ಬೇಕೇ ಬೇಕು ಎಂಬುದು ಸುಳ್ಳು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಅರ್ಜಿ ಹಾಕಿದರೆ ಎಲ್ಲಾ ವಾರಸುದಾರರ ಹೆಸರಿಗೂ ಜಂಟಿಯಾಗಿ ಖಾತೆ ಆಗುತ್ತದೆ. ಅಮ್ಮ, ಅಣ್ಣ, ನೀವಿಬ್ಬರು, ನಾಲ್ಕೂ ಹೆಸರು ಪಹಣಿಯಲ್ಲಿ ಬರಬಹುದು.

ವಂಶವೃಕ್ಷವನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಬರೆಸಿದ ವಂಶವೃಕ್ಷಗಳು ನನ್ನ ಸೇವಾವಧಿಯಲ್ಲಿ ಮೇಜಿನ ಮೇಲೆ ಬರುತ್ತಲೇ ಇದ್ದವು. "ಅವರು ಬೇರೆ ಮನೆಗೆ ಹೋದವರು, ಅವರನ್ನು ಯಾಕೆ ಬರೆಯಬೇಕು" ಎಂದು ಎದುರಿಗೇ ಹೇಳುತ್ತಿದ್ದರು. ಅಣ್ಣ ಈಗಾಗಲೇ ಅರ್ಜಿ ಹಾಕಿದ್ದರೆ ನಾಡಕಚೇರಿಗೆ ಹೋಗಿ ಲಿಖಿತ ತಕರಾರು ಕೊಡಿ, ಸ್ವೀಕೃತಿ ಪಡೆಯಿರಿ. ತಕರಾರು ಬಂದ ಮೇಲೆ ವಿಚಾರಣೆ ನಡೆಸದೆ ಖಾತೆ ಬದಲಿಸುವಂತಿಲ್ಲ. ಒಂದು ವೇಳೆ ಖಾತೆ ಅಣ್ಣನ ಹೆಸರಿಗೆ ಆಗಿಯೇ ಹೋದರೂ ಎದೆ ಒಡೆದುಕೊಳ್ಳಬೇಡಿ. ಪಹಣಿ ಕಂದಾಯದ ದಾಖಲೆ, ಅದರಲ್ಲಿ ಹೆಸರಿಲ್ಲದ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ.

ಕೊಪ್ಪದ ಸೊಸೆ:
ಇಲ್ಲಿ ಯಾರೂ ಮಾತನಾಡದ ಒಬ್ಬಳಿದ್ದಾಳೆ. ಆ ಅಣ್ಣನ ಹೆಂಡತಿ. ನಾನು ಆ ಜಾಗದಲ್ಲಿ ಇರುವವಳು.

ತವರಿನಲ್ಲಿ ಸಹಿ ಹಾಕಿ ಬಂದೆ. ಒಂದು ಸೀರೆ, ಬಾಗಿನ, ಊಟ, ಅಷ್ಟೇ. ಕೇಳಿದರೆ ತಮ್ಮನಿಗೆ ಬೇಸರವಾಗುತ್ತದೆ ಎಂದು ಕೇಳಲಿಲ್ಲ. ಇಲ್ಲಿ ಗಂಡನ ಮನೆಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ, ಸೊಪ್ಪು, ದರಗು, ಆಳುಗಳ ಅಡುಗೆ. ಕೊಯ್ಲು ಬಂದರೆ ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು, ಅಟ್ಟದ ಮೇಲೆ ಹರಡುವುದು, ಮೋಡ ಕಂಡರೆ ಓಡಿ ಹೋಗಿ ಗುಡಿಸುವುದು. ಇಷ್ಟು ವರ್ಷ ಮಾಡಿದ ಮೇಲೂ ಒಂದು ಗುಂಟೆ ನನ್ನ ಹೆಸರಿನಲ್ಲಿಲ್ಲ. ಈಗ ನಾದಿನಿಯರು ಪಾಲು ಕೇಳುತ್ತಿದ್ದಾರೆ. ಕೇಳಬಾರದು ಎಂದು ನಾನು ಹೇಳುವುದಿಲ್ಲ, ಅದು ಅವರ ಹಕ್ಕು. ಆದರೆ ಸುಗ್ಗಿ ಮುಗಿದ ಮೇಲೆ ಅಡಿಕೆ ಮಾರಿದ ಹಣ ಗಂಡನ ಖಾತೆಗೆ ಹೋಗುತ್ತದೆ, ಪಾಲು ನಾದಿನಿಯ ಹೆಸರಿಗೆ ಹೋಗುತ್ತದೆ. ತೋಟದಲ್ಲಿ ನಿಂತವಳು ಯಾವ ಕಾಗದದಲ್ಲಿದ್ದಾಳೆ?

ಶಿವಮೊಗ್ಗ ವಕೀಲೆ:
ಕಾನೂನಿನಲ್ಲಿ ಇದು ನಿಜವಾದ ಕೊರತೆ. ಗಂಡ ಬದುಕಿರುವಾಗ ಅವನ ಪಿತ್ರಾರ್ಜಿತದಲ್ಲಿ ಪಾಲು ಕೊಡಿ ಎಂದು ದಾವೆ ಹಾಕುವ ಹಕ್ಕು ಹೆಂಡತಿಗೆ ಇಲ್ಲ. ಜೀವನಾಂಶ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಲ್ಲಿ ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಇದೆ. ಇರಲು ಸೂರು, ತಿನ್ನಲು ಅನ್ನ. ದುಡಿಮೆಗೆ ಒಡೆತನ ಮಾತ್ರ ಇಲ್ಲ. ಅದಕ್ಕೇ ನೀವು ತವರಿನಲ್ಲಿ ಸಹಿ ಹಾಕಿ ಬಂದದ್ದು ಇಷ್ಟು ದುಬಾರಿಯಾಯಿತು. ಹೆಣ್ಣಿಗೆ ಹುಟ್ಟಿನಿಂದ ಬರುವ ಒಡೆತನ ಅದೊಂದೇ.

ಕಾಗೋಡಿನ ಕಡೆಯವನು:
ಸೊಸೆಯ ಮಾತು ಓದಿ ಗೇಣಿದಾರರ ಕಥೆ ನೆನಪಾಯಿತು. 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಷಯಕ್ಕೆ ಸತ್ಯಾಗ್ರಹ ಶುರುವಾಯಿತು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಅಲ್ಲಿಂದಲೇ ರಾಜ್ಯಕ್ಕೆಲ್ಲ ಗೊತ್ತಾದರು. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣೆ ಕಾಯಿದೆಯಿಂದ ಉಳುವವನೇ ಒಡೆಯನಾದ. ಅಷ್ಟು ದೊಡ್ಡ ನ್ಯಾಯ ಸಿಕ್ಕಿದ ನೆಲ ಇದು. ಆದರೆ ನಮ್ಮ ಮನೆಯಲ್ಲಿ ಗೇಣಿದಾರರು ಒಡೆತನ ಕೇಳುವ ಏಳನೇ ನಮೂನೆಯ ಅರ್ಜಿ ಹಾಕಿದ್ದು ಅಜ್ಜ, ಹಕ್ಕುಪತ್ರ ಬಂದದ್ದು ಅಜ್ಜನ ಹೆಸರಿಗೆ. ನಾಟಿ ಮಾಡಿದ ಅಜ್ಜಿಯ ಹೆಸರು ಎಲ್ಲಿಯೂ ಇಲ್ಲ. ಆ ಕಾಯಿದೆಯಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು ಎಂದಿತ್ತು. ಮದುವೆಯಾದ ಮಗಳು ಅಲ್ಲಿಯೂ ಹೊರಗೆ.

ತೀರ್ಥಹಳ್ಳಿ ಬೆಳೆಗಾರ:
ಎಲ್ಲಾ ಸರಿ. ಆದರೆ ಇದೆಲ್ಲ ಈಚಿನ ಗಾಳಿ. ನಮ್ಮ ಅತ್ತೆಯಂದಿರು ಯಾರೂ ಕೇಳಲಿಲ್ಲ, ಪ್ರೀತಿ ಇತ್ತು, ಹಬ್ಬಕ್ಕೆ ಬಂದು ಹೋಗುತ್ತಿದ್ದರು. ಪಾಲಿನ ಮಾತು ಬಂದ ಮನೆಯಲ್ಲಿ ಗೌರಿ ಹಬ್ಬಕ್ಕೆ ಯಾರೂ ಬರುವುದಿಲ್ಲ.

ಇತಿಹಾಸದ ಮೇಷ್ಟ್ರು:
ಈಚಿನ ಗಾಳಿಯಲ್ಲ. ಶಿವಮೊಗ್ಗ ಮೈಸೂರು ಸಂಸ್ಥಾನದಲ್ಲಿತ್ತು. 1933ರಲ್ಲೇ ಮೈಸೂರು ಸರ್ಕಾರ ಹಿಂದೂ ಮಹಿಳೆಯರ ಹಕ್ಕುಗಳಿಗೆಂದು ಪ್ರತ್ಯೇಕ ಕಾಯಿದೆ ಮಾಡಿತು. ಆಸ್ತಿ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು ಕೊಡಬೇಕು ಎಂದಿತು. ಮಗಳಿಗೆ ಸಿಗುತ್ತಿದ್ದದ್ದು ಅಣ್ಣತಮ್ಮಂದಿರ ಪಾಲಿನ ಕಾಲು ಭಾಗ, ಆದರೂ ಸಿಗುತ್ತಿತ್ತು. ಬ್ರಿಟಿಷ್ ಭಾರತದಲ್ಲಿ 1937ರಲ್ಲಿ ಬಂದ ಕಾನೂನು ವಿಧವೆಯರಿಗಷ್ಟೇ ಸೀಮಿತವಾಗಿತ್ತು. ನಿಮ್ಮ ಅತ್ತೆಯಂದಿರು ಕೇಳಲಿಲ್ಲ ಎಂದಿರಿ. ಕೇಳಬಹುದು ಎಂದು ಅವರಿಗೆ ಯಾರಾದರೂ ಹೇಳಿದ್ದರೇ?

ಹೊಸನಗರ ಗೃಹಿಣಿ:
ಕೇಳದೆ ಇದ್ದಾಗ ಮಾತ್ರ ಉಳಿಯುವ ಪ್ರೀತಿಗೆ ಪೂರ್ತಿ ಬೆಲೆ ಕೊಟ್ಟವಳು ಹೆಣ್ಣು. ಗೌರಿ ಹಬ್ಬಕ್ಕೆ ಕರೆಯದಿರುವುದು ತಂಗಿಯ ತಪ್ಪಲ್ಲ, ಕರೆಯದವನ ತಪ್ಪು.

ಭದ್ರಾವತಿ ಶಿಕ್ಷಕಿ:
ಎಲ್ಲರೂ ಹಿಂದೂ ಕಾನೂನನ್ನೇ ಮಾತನಾಡುತ್ತಿದ್ದೀರಿ. ನಾವು ಮುಸ್ಲಿಮರು. ನಮ್ಮಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಅದು ಸಮಾನವಲ್ಲ, ನನಗೆ ಅದರ ಬಗ್ಗೆ ನೋವಿದೆ. ಆದರೆ ಒಂದು ರಕ್ಷಣೆಯೂ ಇದೆ. ಅಪ್ಪ ತನ್ನ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಮರಣ ಶಾಸನದಲ್ಲಿ ಬರೆಯುವಂತಿಲ್ಲ, ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಒಬ್ಬ ವಾರಸುದಾರನಿಗೇ ಬರೆಯುವಂತೆಯೂ ಇಲ್ಲ. ಮಗಳನ್ನು ಒಂದು ಹಾಳೆಯಿಂದ ಪೂರ್ತಿ ಹೊರಗಿಡಲು ಆಗುವುದಿಲ್ಲ. ಹಾಗಿದ್ದರೂ ನನ್ನ ಓರಗೆಯವರಲ್ಲಿ ಬಹಳ ಜನ ಆ ಅರ್ಧವನ್ನೂ ಅಣ್ಣಂದಿರಿಗೆ ಬಿಟ್ಟುಕೊಟ್ಟಿದ್ದಾರೆ. ಕಾನೂನು ಬೇರೆ, ಸಹಿ ಹಾಕಿಸುವ ರೀತಿ ಮಾತ್ರ ಎಲ್ಲರ ಮನೆಯಲ್ಲೂ ಒಂದೇ.

ಸಾಗರ ಕ್ರೈಸ್ತ ಕುಟುಂಬ:
ನಮಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅಪ್ಪ ಮರಣ ಶಾಸನ ಬರೆಯದೆ ಹೋದರೆ ತಾಯಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮಪಾಲು. ಬರೆದರೆ ಅಪ್ಪನ ಇಷ್ಟ.

ಸೊರಬದ ಓದುಗ:
ಹಿಂದೂಗಳಲ್ಲಿಯೂ ಮರಣ ಶಾಸನದಿಂದ ಮಗಳನ್ನು ಹೊರಗಿಡಬಹುದು ತಾನೇ?

ಶಿವಮೊಗ್ಗ ವಕೀಲೆ:
ಸ್ವಯಾರ್ಜಿತವಾದರೆ ಪೂರ್ತಿಯಾಗಿ ಬರೆಯಬಹುದು. ಪಿತ್ರಾರ್ಜಿತದಲ್ಲಿ ತಂದೆ ತನ್ನ ಪಾಲನ್ನಷ್ಟೇ ಬರೆಯಬಹುದು, ಮಗಳಿಗೆ ಹುಟ್ಟಿನಿಂದ ಬಂದ ಪಾಲನ್ನು ಬರೆಯಲಾಗದು. ಸಾಗರದ ತಂಗಿಯ ಅಪ್ಪ ಏನೂ ಬರೆದಿಲ್ಲವಾದ್ದರಿಂದ ಅವರ ಪಾಲು ತಾಯಿಗೆ ಮತ್ತು ಮೂವರು ಮಕ್ಕಳಿಗೆ ಸಮನಾಗಿ ಬರುತ್ತದೆ. ಗೇಣಿ ಗದ್ದೆಯ ವಿಷಯದಲ್ಲಿ ಆ ಗೇಣಿ ಅಪ್ಪನ ಒಬ್ಬರದೋ ಕೂಡುಕುಟುಂಬದ್ದೋ ಎಂಬುದನ್ನು ಹಕ್ಕುಪತ್ರ ಮತ್ತು ಭೂ ನ್ಯಾಯ ಮಂಡಳಿಯ ಆದೇಶ ನೋಡಿ ಹೇಳಬೇಕು. ಎರಡರಲ್ಲಿ ಯಾವುದೇ ಆಗಿದ್ದರೂ ಹೆಣ್ಣುಮಕ್ಕಳಿಗೆ ಪಾಲಿದೆ. ಮತ್ತು ಅಮ್ಮನಿಗೂ ಸ್ವಂತ ಪಾಲಿದೆ ಎಂಬುದನ್ನು ಎಲ್ಲರೂ ಮರೆತಿದ್ದೀರಿ. ಅವರು ಮಗನ ಆಶ್ರಯದಲ್ಲಿ ಇರುವವರಲ್ಲ, ಆ ಮನೆಯ ಒಡತಿಯರಲ್ಲಿ ಒಬ್ಬರು.

ಶಿಕಾರಿಪುರ ಯುವಕ:
ಹೆಂಗಸರಿಗೆ ಈಗ ಏನು ಕಡಿಮೆ? ಬಸ್ ಉಚಿತ, ತಿಂಗಳಿಗೆ ಎರಡು ಸಾವಿರ ಗೃಹಲಕ್ಷ್ಮಿ, ಪಂಚಾಯಿತಿಯಲ್ಲಿ ಅರ್ಧ ಸ್ಥಾನ. ಇದರ ಮೇಲೆ ತೋಟವೂ ಬೇಕೇ?

ಮಾಜಿ ಪಂಚಾಯಿತಿ ಸದಸ್ಯೆ:
ತಮ್ಮಾ, ಆ ಅರ್ಧ ಸ್ಥಾನದಲ್ಲಿ ಕುಳಿತವಳು ನಾನು. ಮೊದಲ ಸಭೆಗೆ ಹೋದಾಗ ನನ್ನ ಕುರ್ಚಿಯ ಪಕ್ಕದಲ್ಲಿ ಯಜಮಾನರಿಗೂ ಒಂದು ಕುರ್ಚಿ ಹಾಕಿದ್ದರು. ತೆಗೆಸಿದೆ. ಒಂದು ವರ್ಷ ನನ್ನ ಜೊತೆ ಕೆಲವರು ಮಾತನಾಡಲಿಲ್ಲ. ಮೀಸಲಾತಿ ಇಲ್ಲದಿದ್ದರೆ ಆ ಬಾಗಿಲ ಹತ್ತಿರವೂ ನಮ್ಮನ್ನು ಬಿಡುತ್ತಿರಲಿಲ್ಲ.

2013ರ ಆಹಾರ ಭದ್ರತಾ ಕಾಯಿದೆ ಬಂದ ಮೇಲೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಅದೇ ಹೆಂಗಸು ಬೆಳೆ ಸಾಲ ಕೇಳಲು ಸೊಸೈಟಿಗೆ ಹೋದರೆ ಪಹಣಿ ತನ್ನಿ ಎನ್ನುತ್ತಾರೆ. ಪಹಣಿಯಲ್ಲಿ ಅವಳಿಲ್ಲ. ಬೆಳೆ ವಿಮೆ, ಪರಿಹಾರ, ಸಹಾಯಧನ ಯಾವುದೇ ಇರಲಿ, ಪಹಣಿಯಲ್ಲಿ ಇದ್ದವನಿಗೆ. ಗಂಡ ಕುಡಿದು ಮಲಗಿದ್ದರೂ ಅವನ ಸಹಿ ಬೇಕು. ಎರಡು ಸಾವಿರ ಒಳ್ಳೆಯದೇ, ಎಷ್ಟೋ ಮನೆಯಲ್ಲಿ ಔಷಧಿಗೆ ಆಗಿದೆ. ಆದರೆ ಸರ್ಕಾರ ಬದಲಾದರೆ ಅದು ನಿಲ್ಲಬಹುದು. ಹೆಸರಿನಲ್ಲಿರುವ ಭೂಮಿ ಹಾಗೆ ನಿಲ್ಲುವುದಿಲ್ಲ.

ಶಿಕಾರಿಪುರ ಯುವಕ:
ಪಹಣಿಯ ವಿಷಯ ನಾನು ಯೋಚಿಸಿರಲಿಲ್ಲ. ಆದರೂ ಮದುವೆಗೆ ಹಾಕಿದ ಚಿನ್ನ, ಖರ್ಚು ಲೆಕ್ಕಕ್ಕೆ ಬರಬೇಕಲ್ಲವೇ?

ಭದ್ರಾವತಿ ಶಿಕ್ಷಕಿ:
ಅಣ್ಣನ ಮದುವೆಯ ಖರ್ಚು, ಅಣ್ಣನ ಓದಿನ ಖರ್ಚು ಅವನ ಪಾಲಿನಿಂದ ಕಳೆಯುತ್ತಾರೆಯೇ?

ತೀರ್ಥಹಳ್ಳಿ ಬೆಳೆಗಾರ:
ತೋಟ ತುಂಡಾಗುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಆತಂಕ ದುರಾಸೆಯಲ್ಲ. ಅಡಿಕೆ ತೋಟಕ್ಕೆ ಒಂದೇ ನೀರಿನ ಮೂಲ, ಒಂದೇ ಬೆಟ್ಟ, ಒಂದೇ ದಾರಿ. ಗೆರೆ ಎಳೆದು ಹಂಚಿಕೊಳ್ಳುವ ವಸ್ತು ಅಲ್ಲ ಅದು.

ಶಿವಮೊಗ್ಗ ವಕೀಲೆ:
ಒಳ್ಳೆಯ ಪ್ರಶ್ನೆ. ಪಾಲು ಎಂದರೆ ಬೇಲಿ ಹಾಕಿಕೊಳ್ಳುವುದೇ ಆಗಬೇಕಿಲ್ಲ. ಜಂಟಿ ಹೆಸರಿನಲ್ಲಿ ಉಳಿಸಿಕೊಂಡು, ನೋಡಿಕೊಳ್ಳುವವನ ದುಡಿಮೆಗೂ ಖರ್ಚಿಗೂ ತೆಗೆದು, ಉಳಿದ ಹುಟ್ಟುವಳಿ ಹಂಚಿಕೊಳ್ಳಬಹುದು. ತಂಗಿಯ ಪಾಲಿನ ಬೆಲೆಯನ್ನು ಕಂತುಗಳಲ್ಲಿ ಕೊಟ್ಟು ಅಣ್ಣ ತೋಟ ಇಟ್ಟುಕೊಳ್ಳಬಹುದು. ತೋಟದ ಬದಲು ಗದ್ದೆ, ನಿವೇಶನ ಕೊಡಬಹುದು. ಸಂಘದ ಸಾಲವೂ ಆಗ ಲೆಕ್ಕಕ್ಕೆ ಬರಲಿ. ಪಾಲು ಪಡೆದವರು ಸಾಲವನ್ನೂ ಹೊರಬೇಕು.

ಹೊರಗಿನವರಿಗೆ ಮಾರುವ ಭಯಕ್ಕೆ 1956ರ ಕಾಯಿದೆಯ 22ನೇ ಕಲಮು ಇದೆ. ಉತ್ತರಾಧಿಕಾರದಿಂದ ಬಂದ ಪಾಲನ್ನು ಒಬ್ಬ ವಾರಸುದಾರ ಮಾರಲು ಹೊರಟರೆ ಉಳಿದ ವಾರಸುದಾರರಿಗೆ ಕೊಳ್ಳುವ ಮೊದಲ ಹಕ್ಕು. ಕೃಷಿ ಭೂಮಿಗೂ ಇದು ಅನ್ವಯಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊಪ್ಪದ ಸೊಸೆ:
ಹಾಗೆ ಕೊಂಡುಕೊಳ್ಳುವಾಗ ಆ ಪಾಲನ್ನು ಹೆಂಡತಿಯ ಹೆಸರಿಗೂ ಸೇರಿಸಿ ಬರೆಸಬಹುದಲ್ಲವೇ?

ಶಿವಮೊಗ್ಗ ವಕೀಲೆ:
ಖಂಡಿತ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಕ್ರಯಪತ್ರ ಮಾಡಿಸಬಹುದು. ಅಲ್ಲಿಂದ ಮುಂದೆ ಅಷ್ಟು ಭಾಗ ನಿಮ್ಮ ಸ್ವಂತದ್ದು. ಇವತ್ತೇ ಮನೆಯಲ್ಲಿ ಮಾತೆತ್ತಿ.

ನರಸಿಂಹರಾಜಪುರದ ಅಜ್ಜ:
ನಾನು ಬದುಕಿರುವಾಗಲೇ ಮೂವರು ಮಕ್ಕಳನ್ನೂ ಕೂರಿಸಿ ವಿಭಾಗ ಪತ್ರ ನೋಂದಣಿ ಮಾಡಿಸಿದೆ. ಮಗಳ ಪಾಲಿನ ತೋಟವನ್ನು ಮಗನೇ ನೋಡಿಕೊಳ್ಳುತ್ತಾನೆ, ವರ್ಷಕ್ಕೆ ಇಷ್ಟು ಕ್ವಿಂಟಾಲಿನ ಬೆಲೆ ಎಂದು ಅವಳಿಗೆ ಕೊಡುತ್ತಾನೆ. ಊರಿನಲ್ಲಿ ನಕ್ಕವರಿದ್ದರು. ಮಕ್ಕಳು ಮಾತು ಬಿಟ್ಟಿಲ್ಲ. ಅಪ್ಪಂದಿರು ಬಾಯಿ ಮುಚ್ಚಿಕೊಂಡು ಸಾಯುವುದರಿಂದ ಅಣ್ಣ ತಂಗಿ ಶತ್ರುಗಳಾಗುತ್ತಾರೆ.

ಸಾಗರದ ಮಗಳು:
ಎಲ್ಲರಿಗೂ ಕೃತಜ್ಞತೆ. ಅಕ್ಕನಿಗೆ ಇದನ್ನೆಲ್ಲ ಓದಿ ಹೇಳಿದೆ. ತನಗೂ ಹಕ್ಕಿದೆ ಎಂದು ಕೇಳಿ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಇನ್ನೊಂದು ಪ್ರಶ್ನೆ. ಎರಡು ವರ್ಷದ ಹಿಂದೆ, ಅಪ್ಪ ಇದ್ದಾಗಲೇ, ಅಕ್ಕನಿಂದ ಛಾಪಾ ಕಾಗದದ ಮೇಲೆ "ನನಗೆ ಯಾವ ಪಾಲೂ ಬೇಡ" ಎಂದು ಬರೆಸಿಕೊಂಡಿದ್ದಾರಂತೆ. ನೋಂದಣಿ ಆಗಿಲ್ಲ. ಅದು ನಡೆಯುತ್ತದೆಯೇ? ಮತ್ತು ಕೋರ್ಟಿಗೆ ಹೋಗುವಷ್ಟು ಹಣ ಅಕ್ಕನ ಹತ್ತಿರ ಇಲ್ಲ.

ಶಿವಮೊಗ್ಗ ವಕೀಲೆ:
ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು. ಆ ಕಾಗದದಿಂದ ಅಕ್ಕನ ಹಕ್ಕು ಹೋಗಿಲ್ಲ. ಅಪ್ಪನ ಪಾಲಿನ ಮಟ್ಟಿಗೆ ಇನ್ನೊಂದು ಮಾತೂ ಇದೆ. ತಂದೆ ಬದುಕಿರುವಾಗ ಮುಂದೆ ಅವರಿಂದ ಬರಬಹುದಾದದ್ದು ಬರೀ ನಿರೀಕ್ಷೆ, ಅದನ್ನು ಬಿಟ್ಟುಕೊಡುವ ಬರಹಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಹೊಸದಾಗಿ ಯಾವ ಕಾಗದಕ್ಕೂ, ಖಾಲಿ ಹಾಳೆಗಂತೂ, ಇಬ್ಬರೂ ಸಹಿ ಹಾಕಬೇಡಿ. ನೋಂದಣಿಯಾದ ಮೇಲೆ ಮೋಸವಾಯಿತು ಎಂದರೆ, ಅದು ತಿಳಿದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹಾಕಿ, ಮೋಸವನ್ನು ನೀವೇ ಸಾಬೀತು ಮಾಡಬೇಕಾಗುತ್ತದೆ.

ಹಣದ ವಿಷಯ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಮಹಿಳೆಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರ ನೆರವು ಇದೆ. ಸಾಗರದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ದಾವೆ ಹೂಡುವ ಮೊದಲೇ ಅಣ್ಣನನ್ನು ಕರೆಸಿ ರಾಜಿ ಮಾಡಿಸಲೂ ಅವರಿಗೆ ಅವಕಾಶವಿದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಡಿಕ್ರಿಯ ಬಲ ಇರುತ್ತದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ.

ನಿವೃತ್ತ ಕಂದಾಯ ನೌಕರ:
ಅದಕ್ಕೂ ಮೊದಲು ತಕರಾರು ಅರ್ಜಿ. ನಾಳೆಯೇ ಹೋಗಿ.

ತೀರ್ಥಹಳ್ಳಿ ಬೆಳೆಗಾರ:
ವಕೀಲ ಮೇಡಂ, ನನ್ನದೊಂದು. 2003ರಲ್ಲಿ ನಮ್ಮ ಮನೆಯಲ್ಲಿ ಪಂಚರ ಮುಂದೆ ಪಾಲುಪಟ್ಟಿ ಬರೆದಿದ್ದೇವೆ. ತಂಗಿಗೆ ಪಾಲಿಲ್ಲ ಎಂದು ಬರೆದಿದೆ. ನೋಂದಣಿ ಮಾಡಿಸಿಲ್ಲ. ಅದಕ್ಕೆ ಬೆಲೆ ಇದೆಯೇ?

ಶಿವಮೊಗ್ಗ ವಕೀಲೆ:
ನೋಂದಣಿಯೂ ಇಲ್ಲ, ಡಿಕ್ರಿಯೂ ಇಲ್ಲ ಎಂದರೆ ಅದನ್ನು ನಂಬಿ ಕೂರಬೇಡಿ. ಆ ಕಾಗದ, ಆಗಿನಿಂದ ಈಗಿನವರೆಗಿನ ಪಹಣಿಗಳು, ಸಂಘದ ಸಾಲದ ವಿವರ ಎಲ್ಲವನ್ನೂ ತನ್ನಿ. ಬರುವಾಗ ತಂಗಿಯನ್ನೂ ಕರೆದುಕೊಂಡು ಬನ್ನಿ.